ಕೈಯಲ್ಲಿ ರಾಜನ ಜೋಡಿ, ನೆಲದ ಮೇಲೆ ಹತ್ತು–ಒಂಬತ್ತು–ಎಂಟು

ಮೂರೆಲೆ ಆಡಿ ಬೆಳೆದವರ ಕೈಗೆ ರಾಜನ ಜೋಡಿ ಬಂದರೆ ಸಹಜವಾಗಿಯೇ ಧೈರ್ಯ ಬರುತ್ತೆ. ಮೂರೆಲೆಯಲ್ಲಿ ಜೋಡಿ ಬೀಳುವುದೇ ನೂರಕ್ಕೆ ಸುಮಾರು 17 ಸಲ. ಅದರಲ್ಲೂ ರಾಜನ ಜೋಡಿ ಅಂದರೆ ದೊಡ್ಡ ಕೈ. ಪೋಕರ್‌ನಲ್ಲಿ ಲೆಕ್ಕ ಬೇರೆ. ನಮ್ಮ ಕೈಗೆ ಎರಡೇ ಎಲೆ, ನೆಲದ ಮೇಲಿನ ಐದು ಎಲೆ ಎಲ್ಲರಿಗೂ ಸೇರಿದ್ದು. ಒಟ್ಟು ಏಳರಲ್ಲಿ ಒಳ್ಳೆಯ ಐದನ್ನು ಆರಿಸಿಕೊಳ್ಳಬೇಕು. ಅಲ್ಲಿ ಒಂದು ಜೋಡಿ ಅನ್ನುವುದು ಚಿಕ್ಕ ಕೈಗಳ ಸಾಲಿಗೇ ಸೇರುತ್ತೆ. ಇನ್ನೊಂದು ಮಾತು: ಮೂರೆಲೆಯಲ್ಲಿ ಸೀಕ್ವೆನ್ಸ್ ಕಲರ್‌ಗಿಂತ ದೊಡ್ಡದು, ಪೋಕರ್‌ನಲ್ಲಿ ಫ್ಲಶ್ (ಒಂದೇ ಗುರುತಿನ ಐದು ಎಲೆ) ಸ್ಟ್ರೇಟ್‌ಗಿಂತ (ಸಾಲಾಗಿ ಬರುವ ಐದು ಎಲೆ) ದೊಡ್ಡದು. ಹೊಸಬರಿಗೆ ನಾನು ಮೊದಲು ಹೇಳುವುದೇ ಇದನ್ನು.

ನಾವು ಆಡುವುದು ತುಮಕೂರಿನ ಕ್ಯಾತ್ಸಂದ್ರದಲ್ಲಿ, ನಮ್ಮ ಮನೆಯ ಮಹಡಿ ಮೇಲೆ, ಭಾನುವಾರ ಸಂಜೆ. ದುಡ್ಡು ಇಡುವುದಿಲ್ಲ. ಮೊಬೈಲ್‌ನಲ್ಲಿ ದುಡ್ಡಿಟ್ಟು ಆಡುವ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ನಿಷೇಧಿಸಿದೆ. ನಮ್ಮ ಮಹಡಿಗೆ ದುಡ್ಡು ಅದಕ್ಕೂ ಮೊದಲೇ ಬಂದಿರಲಿಲ್ಲ. ನಮ್ಮಲ್ಲಿ ದುಡ್ಡಿನ ಬದಲು ಪಣಕ್ಕಿಡುವ ಚಿಪ್ಸ್ ಅಂದರೆ ಹುಣಸೆ ಬೀಜ. ತುಮಕೂರಿನಲ್ಲಿ ಅದಕ್ಕೇನು ಬರವೇ? ಒಬ್ಬೊಬ್ಬರಿಗೆ 200 ಬೀಜ, ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ಬ್ಲೈಂಡ್ 1 (ಸ್ಮಾಲ್) ಮತ್ತು 2 (ಬಿಗ್). ಬೀಜ ಮುಗಿದರೆ ಆ ಸಂಜೆಯ ಆಟ ಮುಗಿಯಿತು, ಹೊಸದು ಕೊಡುವುದಿಲ್ಲ. ಹೀಗಿದ್ದರೆ ಯಾರೂ ಸುಮ್ನೆ ಎಸೆಯುವುದಿಲ್ಲ.

ಒಂದು ಕೈಯನ್ನು ಪೂರ್ತಿ ಹೇಳುತ್ತೇನೆ. ನನಗೆ ಬಂದದ್ದು ಇಸ್ಪೀಟು ರಾಜ, ಡೈಮನ್ ರಾಜ. ರಾಜನ ಜೋಡಿ ಕೈಗೆ ಬರುವುದು 221ರಲ್ಲಿ ಒಂದು ಸಲ. 6 ಬೀಜಕ್ಕೆ ರೇಸ್ ಮಾಡಿದೆ, ಅಂದರೆ ಪಣ ಏರಿಸಿದೆ. ಬಟನ್‌ನಲ್ಲಿ (ನೆಲದ ಎಲೆ ಬಿದ್ದ ಮೇಲೆ ಕೊನೆಗೆ ಆಡುವ ಜಾಗ) ಕೂತಿದ್ದ ಪಕ್ಕದ ಮನೆ ಮೇಷ್ಟ್ರು ಕಾಲ್ ಮಾಡಿದರು (ಅಷ್ಟೇ ಬೀಜ ಹಾಕಿದರು), ಬಿಗ್ ಬ್ಲೈಂಡ್‌ನಲ್ಲಿದ್ದ ನಮ್ಮ ಭಾವನೂ ಕಾಲ್ ಮಾಡಿದರು. ಬಿಟ್ಟುಹೋದ ಸ್ಮಾಲ್ ಬ್ಲೈಂಡ್ ಸೇರಿ ಪಾಟ್ (ಮಧ್ಯದಲ್ಲಿ ಕೂಡಿದ ಬೀಜ) 19.

ಫ್ಲಾಪ್, ಅಂದರೆ ನೆಲದ ಮೊದಲ ಮೂರು ಎಲೆ: ಆಟೀನ್ ಹತ್ತು, ಆಟೀನ್ ಒಂಬತ್ತು, ಕಳಾವರ್ ಎಂಟು.

ಎಕ್ಕ ಬೀಳಲಿಲ್ಲವಲ್ಲ ಎಂದು ಸಮಾಧಾನಪಡುವವರು ತುಂಬಾ ಜನ. ರಾಜನ ಜೋಡಿ ಹಿಡಿದಾಗ ಫ್ಲಾಪ್‌ನಲ್ಲಿ ಎಕ್ಕ ಬರುವುದು ಸುಮಾರು 23% ಮಾತ್ರ. ನನ್ನ ಪ್ರಕಾರ ಈ ಹತ್ತು–ಒಂಬತ್ತು–ಎಂಟು, ಎಕ್ಕ–ಏಳು–ಎರಡಕ್ಕಿಂತ ಎಷ್ಟೋ ಕಷ್ಟದ ಫ್ಲಾಪ್. ಎಕ್ಕ ಬಿದ್ದರೆ ಪ್ರಶ್ನೆ ಒಂದೇ: ಎದುರಿನವರ ಹತ್ತಿರ ಎಕ್ಕ ಇದೆಯೋ ಇಲ್ಲವೋ. ಇಲ್ಲಿ ಹಾಗಲ್ಲ. ರಾಣಿ–ಜಾಕಿ, ಜಾಕಿ–ಏಳು, ಏಳು–ಆರು, ಈ ಮೂರಕ್ಕೂ ಸ್ಟ್ರೇಟ್ ಆಗಲೇ ಆಗಿಬಿಟ್ಟಿದೆ. ಹತ್ತರ, ಒಂಬತ್ತರ, ಎಂಟರ ಜೋಡಿ ಹಿಡಿದವರಿಗೆ ಸೆಟ್ (ಒಂದೇ ಅಂಕಿಯ ಮೂರು ಎಲೆ) ಇದೆ. ಕೈಯಲ್ಲಿ ಎರಡು ಆಟೀನ್ ಎಲೆ ಹಿಡಿದವರು ನೆಲದ ಮೇಲೆ ಮೂರನೇ ಆಟೀನ್ ಬರಲೆಂದು ಕಾಯುತ್ತಿರುತ್ತಾರೆ.

ಆದರೆ ನಾನು ಜಾಸ್ತಿ ಯೋಚಿಸುವುದು ಇನ್ನೂ ಆಗದ ಕೈಗಳ ಬಗ್ಗೆ. ಎದುರಿನವರ ಹತ್ತಿರ ಬರೀ ಜಾಕಿ ಮತ್ತು ಹತ್ತು ಇದೆ ಅಂದುಕೊಳ್ಳಿ. ನೋಡೋಕೆ ಹತ್ತರ ಜೋಡಿ, ನನಗಿಂತ ಚಿಕ್ಕದು. ಆದರೆ ನಾಲ್ಕು ರಾಣಿ, ನಾಲ್ಕು ಏಳು, ಎರಡು ಹತ್ತು, ಮೂರು ಜಾಕಿ, ಒಟ್ಟು 13 ಎಲೆ ಅವರ ಪರ. ಇನ್ನೂ ಎರಡು ಎಲೆ ಬರಬೇಕಿರುವಾಗ ಅದು ಹೆಚ್ಚುಕಡಿಮೆ ಅರ್ಧಕ್ಕರ್ಧ! ಆಟೀನ್ ಎಕ್ಕ, ಆಟೀನ್ ಜಾಕಿ ಹಿಡಿದಿದ್ದರಂತೂ ಸದ್ಯಕ್ಕೆ ಮುಂದಿರುವವನು ನಾನು, ಕೊನೆಗೆ ಗೆಲ್ಲುವ ಸಾಧ್ಯತೆ ಅವರಿಗೇ ಜಾಸ್ತಿ.

ಇದು ನಂಬಿಕೆಗೆ ಬರಲು ನಾನು ಒಂದು ಅಭ್ಯಾಸ ಮಾಡಿದೆ. ಮನೆಯಲ್ಲಿ ಒಬ್ಬನೇ ಕೂತು ಈ ಫ್ಲಾಪ್, ನನ್ನ ಎರಡು ರಾಜ, ಎದುರು ಜಾಕಿ–ಹತ್ತು ತೆರೆದಿಟ್ಟೆ. ಉಳಿದ 45 ಎಲೆ ಕಲೆಸಿ ಎರಡೆರಡು ಬಿಚ್ಚುವುದು, ಯಾರು ಗೆದ್ದರು ಎಂದು ಹಾಳೆಯಲ್ಲಿ ಗೀಟು ಹಾಕುವುದು. ಎರಡೂ ಕಡೆಯ ಗೀಟು ಅಕ್ಕಪಕ್ಕದಲ್ಲೇ ಬೆಳೆಯುವುದನ್ನು ಕಣ್ಣಾರೆ ನೋಡಿದ ಮೇಲೆ ರಾಜನ ಮೇಲಿನ ಮೋಹ ತಾನಾಗಿ ಇಳಿಯುತ್ತೆ. ನೀವೂ ಮಾಡಿ ನೋಡಿ. ಎಷ್ಟು ಓದಿದರೂ ಇದು ಅಷ್ಟು ಗಟ್ಟಿಯಾಗಿ ಮನಸ್ಸಿನಲ್ಲಿ ಕೂರುವುದಿಲ್ಲ.

ಹಾಗಾದರೆ ಚೆಕ್ ಮಾಡಬೇಕಾ, ಅಂದರೆ ಬೀಜ ಹಾಕದೆ ಸರದಿ ದಾಟಿಸಬೇಕಾ? ಇಲ್ಲ. ಭಾವ ಚೆಕ್ ಮಾಡಿದರು, ನಾನು 12 ಬೀಜ ಹಾಕಿದೆ. ಕಾಯುತ್ತಿರುವವರಿಗೆ ಮುಂದಿನ ಎಲೆಯನ್ನು ಬಿಟ್ಟಿ ತೋರಿಸಬಾರದು. ಮೇಷ್ಟ್ರು 31 ಗೆಲ್ಲೋಕೆ 12 ಕೊಡಬೇಕು, ಅಂದರೆ ಒಂದಕ್ಕೆ ಎರಡೂವರೆ ಚಿಲ್ಲರೆ. ಬರೀ ಫ್ಲಶ್‌ಗೆ ಕಾಯುವವರಿಗೆ 9 ಎಲೆ, ಒಂದು ಎಲೆಯಲ್ಲಿ ಅದು ಬರುವುದು ಸುಮಾರು 20%. ಒಂದಕ್ಕೆ ನಾಲ್ಕು ಸಿಗದೆ ಅವರಿಗೆ ಆ ಎಲೆಯಲ್ಲಿ ಗಿಟ್ಟುವುದಿಲ್ಲ. ಇನ್ನೊಂದು ವಿಷಯ, ಬೀಜ ಹಾಕುವ ಮೊದಲೇ ಯಾವ ಎಲೆ ಬಂದರೆ ನಿಲ್ಲಿಸಬೇಕು ಎಂದು ತೀರ್ಮಾನಿಸಿಟ್ಟಿರುತ್ತೇನೆ. ಈ ಫ್ಲಾಪ್‌ಗೆ ನನ್ನ ಪಟ್ಟಿ: ಯಾವುದೇ ಆಟೀನ್, ರಾಣಿ, ಜಾಕಿ, ಏಳು, ಆರು. ಎಲೆ ಬಿದ್ದ ಮೇಲೆ ಯೋಚಿಸಲು ಕೂತರೆ ಮನಸ್ಸು ರಾಜನ ಪರವೇ ವಾದ ಮಾಡುತ್ತೆ.

ಮೇಷ್ಟ್ರು ಕಾಲ್ ಮಾಡಿದರು, ಭಾವ ಬಿಟ್ಟರು. ಟರ್ನ್‌ನಲ್ಲಿ (ನೆಲದ ನಾಲ್ಕನೇ ಎಲೆ) ಇಸ್ಪೀಟು ಮೂರು. ಏನನ್ನೂ ಬದಲಿಸದ ಎಲೆ. ಪಾಟ್ 43, ನಾನು 28 ಹಾಕಿದೆ. ಮೇಷ್ಟ್ರು ಬೀಜಗಳನ್ನು ಐದೈದಾಗಿ ಜೋಡಿಸಿ, ಎರಡು ಸಲ ಎಣಿಸಿ ಮುಂದೆ ತಳ್ಳಿದರು. ಮೇಲೆ ಏರಿಸಲಿಲ್ಲ. ಸ್ಟ್ರೇಟ್ ಆಗಿದ್ದಿದ್ದರೆ, ಎರಡು ಆಟೀನ್ ಇರುವ ನೆಲದ ಮೇಲೆ ಇವರು ಇಷ್ಟು ಹೊತ್ತು ಸುಮ್ಮನಿರುವವರಲ್ಲ. ಹಾಗಾಗಿ ಅವರು ಇನ್ನೂ ಕಾಯುತ್ತಿದ್ದಾರೆ ಎಂದುಕೊಂಡೆ.

ರಿವರ್, ಅಂದರೆ ಐದನೇ ಎಲೆ, ಡೈಮನ್ ಏಳು.

ನಾನು ಚೆಕ್ ಮಾಡಿದೆ. ಮೇಷ್ಟ್ರು 60 ಹಾಕಿದರು. ಪಾಟ್‌ನಲ್ಲಿ 99 ಇತ್ತು. 60 ಕೊಟ್ಟು 159 ಗೆಲ್ಲಬೇಕು, ಅಂದರೆ ನೂರಕ್ಕೆ 27 ಸಲಕ್ಕಿಂತ ಜಾಸ್ತಿ ನಾನು ಗೆಲ್ಲುವಂತಿರಬೇಕು. ಒಂದು ಜಾಕಿ ಇದ್ದರೂ ಸ್ಟ್ರೇಟ್, ಒಂದು ಆರು ಇದ್ದರೂ ಸ್ಟ್ರೇಟ್. ನಾನು ಸೋಲಿಸಬಹುದಾದದ್ದು ಮುಖ್ಯವಾಗಿ ತಪ್ಪಿಹೋದ ಆಟೀನ್ ಕೈಗಳನ್ನು. ಆದರೆ ಮೇಷ್ಟ್ರು ಕೈ ತಪ್ಪಿದಾಗ ಚೆಕ್ ಮಾಡುವ ಮನುಷ್ಯ, ಅಷ್ಟು ದಿನ ಜೊತೆಗೆ ಆಡಿ ಗೊತ್ತಿತ್ತು.

“ಏನ್ ಮೇಷ್ಟ್ರೇ, ಜಾಕಿನಾ?”

“ಬೀಜ ಹಾಕಿ, ತೋರಿಸ್ತೀನಿ.”

ಎರಡು ರಾಜನನ್ನೂ ಮುಚ್ಚಿ ಎಸೆದೆ. ಅವರು ಎಲೆ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಕಳೆದದ್ದು 46 ಬೀಜ, ಉಳಿದದ್ದು 154. ಸಂಜೆ ಇನ್ನೂ ಬಾಕಿ ಇತ್ತು.

ಕೈಯಲ್ಲಿ ಉಳಿದ ಬೀಜ ಎಷ್ಟು ಅನ್ನುವುದರ ಮೇಲೆ ಇದೆಲ್ಲ ನಿಂತಿದೆ. ಅಂದು ಫ್ಲಾಪ್ ಹೊತ್ತಿಗೆ ಪಾಟ್‌ನ ಹತ್ತರಷ್ಟು ಬೀಜ ನನ್ನ ಮುಂದಿತ್ತು. ಒಂದೇ ಜೋಡಿಗೆ ಅಷ್ಟನ್ನೂ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಅದೇ ಎಲೆ, ಅದೇ ಫ್ಲಾಪ್, ಆದರೆ ಕೈಯಲ್ಲಿ 40 ಬೀಜ ಮಾತ್ರ ಉಳಿದಿದ್ದರೆ ಟರ್ನ್, ರಿವರ್ ಎಂದು ಕಾಯುವುದಿಲ್ಲ. ಫ್ಲಾಪ್‌ನಲ್ಲೇ ನಲವತ್ತನ್ನೂ ಮಧ್ಯಕ್ಕೆ ತಳ್ಳುತ್ತೇನೆ. ಜಾಕಿ–ಹತ್ತು ಹಿಡಿದವರು ಅಷ್ಟು ಬೀಜಕ್ಕೆ ಕೈ ಬಿಟ್ಟರೆ, ಸುಮಾರು ಅರ್ಧ ಪಾಲು ಗೆಲ್ಲಬಹುದಾಗಿದ್ದವರು ಎದ್ದುಹೋದ ಹಾಗೆ. ಬಿಡದೆ ಬಂದರೆ ಎರಡೂ ಎಲೆ ನೋಡುವುದು ನನಗೂ ಖಾತ್ರಿ.