ಧರ್ಮಸ್ಥಳಕ್ಕೆ ಒಬ್ಬರೇ ನಡೆದು ಹೊರಟಿರಾ? ಮೊದಲ ದಿನ ನೆಲಮಂಗಲ ಸಾಕು

ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವವರಲ್ಲಿ ಬಹಳಷ್ಟು ಜನ ತಂಡ ಕಟ್ಟಿಕೊಂಡು ಹೊರಡುತ್ತಾರೆ. ಲಗೇಜಿಗೆ ಗಾಡಿ, ಅಡುಗೆಗೆ ಜನ, ಕಾಲು ಸೋತರೆ ಕೂರಿಸಿಕೊಳ್ಳಲು ವ್ಯಾನು. ಒಬ್ಬರೇ ಹೊರಟವರಿಗೆ ಇದ್ಯಾವುದೂ ಇಲ್ಲ. ದಾರಿ ಸುಮಾರು 300 ಕಿ.ಮೀ. ಮೊದಲ ದಿನ ಹುಮ್ಮಸ್ಸಿನಲ್ಲಿ 40 ಕಿ.ಮೀ. ಎಳೆದರೆ ಅದರ ಲೆಕ್ಕ ಕುಣಿಗಲ್ ದಾಟುವಷ್ಟರಲ್ಲಿ ಚುಕ್ತಾ ಆಗುತ್ತದೆ. ಮೆಜೆಸ್ಟಿಕ್‌ನಿಂದ ನೆಲಮಂಗಲಕ್ಕೆ ಸುಮಾರು 27 ಕಿ.ಮೀ. ಅಲ್ಲಿಗೆ ನಿಲ್ಲಿಸಿ.

1. ಚೀಲ

ಎಲ್ಲ ಸೇರಿ 5 ಕಿಲೋ ಮೀರಬಾರದು. ಹೆದ್ದಾರಿಯುದ್ದಕ್ಕೂ ಅಂಗಡಿ, ಹೋಟೆಲುಗಳಿರುವುದರಿಂದ ಒಂದು ಲೀಟರ್ ನೀರು ಸಾಕು, ಮುಗಿದಂತೆ ತುಂಬಿಸಿಕೊಳ್ಳಿ. ಎರಡು ಜೊತೆ ಬಟ್ಟೆ, ಮೂರು ಜೊತೆ ಕಾಲುಚೀಲ, ಟವೆಲ್, ತೆಳು ಹೊದಿಕೆ, ಟಾರ್ಚು, ಓಆರ್‌ಎಸ್ ಪೊಟ್ಟಣ, ಮೆಡಿಕಲ್ ಶಾಪಿನ ಕಾಗದದಂಥ ಟೇಪು, ಸೂಜಿ, ಪೆಟ್ರೋಲಿಯಂ ಜೆಲ್ಲಿ. ಸೊಂಟಕ್ಕೆ ಬಿಗಿಯುವ ಪಟ್ಟಿಯಿರುವ ಚೀಲ ಆರಿಸಿ, ಭಾರ ಹೆಗಲಿಗೆ ಬೀಳುವುದಿಲ್ಲ. ಉಗುರನ್ನು ಎರಡು ದಿನ ಮುಂಚೆಯೇ ಕತ್ತರಿಸಿ. ಹೊಸ ಶೂ, ಹೊಸ ಚಪ್ಪಲಿ ಎರಡೂ ಬೇಡ.

2. ಹೊರಡುವ ಹೊತ್ತು

ಬೆಳಗಿನ ಜಾವ ನಾಲ್ಕೂವರೆ. ಹೊರಡುವ ಮುನ್ನ ಹಿಮ್ಮಡಿ, ಬೆರಳ ಸಂದು, ತೊಡೆಸಂದಿಗೆ ಜೆಲ್ಲಿ ಸವರಿ. ಪಂಚೆ ಉಟ್ಟವರು ಒಳಗೆ ಬಿಗಿಯಾದ ಚಡ್ಡಿ ಹಾಕಿಕೊಳ್ಳಲೇಬೇಕು. ಬೆವರಿನ ಉಪ್ಪಿನ ಜೊತೆ ತೊಡೆ ಉಜ್ಜಿ ಹತ್ತು ಕಿಲೋಮೀಟರಿಗೇ ಚರ್ಮ ಸುಲಿದು, ನಡಿಗೆಯೇ ಸೊಟ್ಟಗಾಗುತ್ತದೆ. ಆಮೇಲೆ ಮಂಡಿಯೂ ಹಿಡಿದುಕೊಳ್ಳುತ್ತದೆ.

ಬರಿಗಾಲಿನ ಹರಕೆ ಇದ್ದವರು ಬಿಸಿಲೇರುವ ಮುಂಚೆಯೇ ಆದಷ್ಟು ದಾರಿ ಮುಗಿಸಿಕೊಳ್ಳಿ. ಮಧ್ಯಾಹ್ನದ ಟಾರು ಅಂಗಾಲು ಸುಡುತ್ತದೆ, ಮಣ್ಣಿನ ಬದಿಗೆ ಇಳಿದರೆ ಗಾಜಿನ ಚೂರು. ಚಪ್ಪಲಿ ಚೀಲದಲ್ಲಿರಲಿ. ಮಂಜುನಾಥಸ್ವಾಮಿ ಅದಕ್ಕೆಲ್ಲ ಮುನಿಸಿಕೊಳ್ಳುವುದಿಲ್ಲ.

3. ರಸ್ತೆಯ ಯಾವ ಬದಿ?

ಬಲಬದಿ. ಎದುರಿನಿಂದ ಬರುವ ಗಾಡಿ ಕಣ್ಣಿಗೆ ಬೀಳಬೇಕು. ಗೊರಗುಂಟೆಪಾಳ್ಯ ದಾಟಿದ ಮೇಲೆ ಪೀಣ್ಯ ಮೇಲ್ಸೇತುವೆ ಹತ್ತಬೇಡಿ, ಕೆಳಗಿನ ರಸ್ತೆಯಲ್ಲೇ ಸಾಗಿ. ಮುಂದೆಯೂ ಸರ್ವಿಸ್ ರಸ್ತೆ ಸಿಕ್ಕಲ್ಲೆಲ್ಲ ಅದೇ ಒಳ್ಳೆಯದು. ರಾಂಗ್ ಸೈಡಿನಲ್ಲಿ ನುಗ್ಗುವ ಬೈಕುಗಳು ಅಲ್ಲಿ ಮಾಮೂಲು, ಹಾಗಾಗಿ ಹಿಂದಕ್ಕೂ ಕಿವಿ ಇರಲಿ. ಇಯರ್‌ಫೋನ್ ಬೇಡವೇ ಬೇಡ. ಕತ್ತಲಲ್ಲಿ ನಡೆಯುವಾಗ ಚೀಲಕ್ಕೂ ಎದೆಗೂ ಬೆಳಕಿಗೆ ಹೊಳೆಯುವ ಪಟ್ಟಿ ಅಂಟಿಸಿರಬೇಕು.

ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿ ಇನ್ನೊಂದಿದೆ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ಅಂಚಿನ ಕಡೆಗೆ ಇಳಿಜಾರು ಮಾಡಿರುತ್ತಾರೆ. ದಿನವಿಡೀ ಬಲ ಅಂಚಿನಲ್ಲೇ ನಡೆದರೆ ಬಲಗಾಲು ಒಂದಿಷ್ಟು ತಗ್ಗಿನಲ್ಲೇ ಬೀಳುತ್ತಿರುತ್ತದೆ. ಸಂಜೆ ಒಂದೇ ಮಂಡಿ, ಒಂದೇ ಸೊಂಟ ನೋಯುವುದಕ್ಕೆ ಇದೂ ಕಾರಣ. ಸಮತಟ್ಟಾದ ಜಾಗ ಸಿಕ್ಕಾಗ ಬಿಡಬೇಡಿ.

4. ವೇಗ, ನೀರು, ಊಟ

ಗಂಟೆಗೆ ನಾಲ್ಕೂವರೆ ಕಿ.ಮೀ. ಒಬ್ಬರೇ ನಡೆಯುವಾಗ, ಅದರಲ್ಲೂ ತಂಡವೊಂದು ಹಿಂದೆ ಹಾಕಿ ಹೋದಾಗ, ವೇಗ ತಾನಾಗಿ ಏರುತ್ತದೆ. ತಂಡವನ್ನು ಮುಂದೆ ಹೋಗಲು ಬಿಡಿ. ಪ್ರತಿ ಗಂಟೆಗೆ ಹತ್ತು ನಿಮಿಷ ಕೂತು ಶೂ ಬಿಚ್ಚಿ, ಕಾಲುಚೀಲ ಒಣಗಿಸಿ.

ಹೀಗೆ ನಡೆದರೆ ಒಂಬತ್ತೂವರೆ ಹೊತ್ತಿಗೆ ಮಾದಾವರದ ಆಸುಪಾಸಿಗೆ ಬರುತ್ತೀರಿ. ಮೆಟ್ರೊ ಹಸಿರು ಮಾರ್ಗದ ಕೊನೆಯ ನಿಲ್ದಾಣ ಅದು. ಕಾಲು ಕೈಕೊಡುವ ಲಕ್ಷಣವಿದ್ದರೆ ಸುಲಭವಾಗಿ ಹಿಂದಿರುಗಬಹುದಾದ ಕೊನೆಯ ಜಾಗವೂ ಹೌದು. ಇಲ್ಲವಾದರೆ ಹತ್ತರಿಂದ ನಾಲ್ಕರವರೆಗೆ ನೆರಳಲ್ಲಿ ಮಲಗಿ. ಉಳಿದ ಹತ್ತು ಕಿ.ಮೀ. ಸಂಜೆಗೆ. ಬಿಸಿಲು ಮುಖಕ್ಕೇ ಹೊಡೆಯುತ್ತದೆ, ಅಂಚಿರುವ ಟೋಪಿ ಬೇಕು.

ಶಿವರಾತ್ರಿ ಸಮಯದಲ್ಲಿ ಭಕ್ತರು ದಾರಿಯಲ್ಲಿ ಪೆಂಡಾಲ್ ಹಾಕಿ ಮಜ್ಜಿಗೆ, ಪಾನಕ, ಪುಳಿಯೋಗರೆ ಕೊಡುತ್ತಾರೆ. ಕರೆದಲ್ಲೆಲ್ಲ ತಿಂದರೆ ಹೊಟ್ಟೆ ಕೆಡುತ್ತದೆ. ಅರ್ಧ ಹೊಟ್ಟೆ ಊಟ, ಹೆಚ್ಚು ಮಜ್ಜಿಗೆ ಸರಿಯಾದ ಲೆಕ್ಕ. ಓಆರ್‌ಎಸ್ ಮುಗಿದರೆ ಕುಡಿಯುವ ನೀರು ಒಂದು ಲೀಟರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿಕೊಳ್ಳಿ.

5. ಬೊಬ್ಬೆ

ಬೊಬ್ಬೆ ಏಳುವ ಮುಂಚೆ ಆ ಜಾಗ ಉರಿಯುತ್ತದೆ. "ಮುಂದಿನ ಊರಲ್ಲಿ ನೋಡೋಣ" ಎನ್ನದೆ ಅಲ್ಲೇ ಕೂತು, ಒರೆಸಿ, ಟೇಪು ಸುಕ್ಕಿಲ್ಲದಂತೆ ಅಂಟಿಸಿ. ಸುಕ್ಕಿದ್ದರೆ ಟೇಪೇ ಹೊಸ ಬೊಬ್ಬೆ ಎಬ್ಬಿಸುತ್ತದೆ. ಸಣ್ಣ ಬೊಬ್ಬೆಗಳನ್ನು ಮುಟ್ಟಬೇಡಿ. ನಡೆಯಲಾಗದಷ್ಟು ದೊಡ್ಡದಿದ್ದರೆ ರಾತ್ರಿ ಕಾಲು ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯಿಂದ ಬುಡದಲ್ಲಿ ಚುಚ್ಚಿ ನೀರು ಇಳಿಸಿ. ಮೇಲಿನ ಚರ್ಮ ಕೀಳಬೇಡಿ, ಒಳಗಿನ ಹಸಿ ಚರ್ಮಕ್ಕೆ ಅದೇ ಹೊದಿಕೆ. ಸಕ್ಕರೆ ಕಾಯಿಲೆ ಇರುವವರು ಸೂಜಿ ಮುಟ್ಟದೆ ವೈದ್ಯರ ಬಳಿ ಹೋಗಬೇಕು.

6. ನೆಲಮಂಗಲದಲ್ಲಿ

ಕತ್ತಲಾಗುವ ಮುಂಚೆ ತಂಗಲು ಜಾಗ ಹಿಡಿಯಿರಿ. ತಂಡಗಳು ರಾತ್ರಿ ನಡೆಯುತ್ತವೆ; ಒಬ್ಬರೇ ಇದ್ದವರಿಗೆ ಅದು ಸಲ್ಲದು. ಎಲ್ಲಿದ್ದೀರಿ, ನಾಳೆ ಎಲ್ಲಿಯವರೆಗೆ ಎಂದು ಮನೆಗೆ ಫೋನ್ ಮಾಡಿ. ತುರ್ತಿಗೆ 112. ಕಾಲನ್ನು ಗೋಡೆಗೆ ಎತ್ತಿಟ್ಟು ಹದಿನೈದು ನಿಮಿಷ ಮಲಗಿದರೆ ಊತ ಇಳಿಯುತ್ತದೆ. ಇಲ್ಲಿ ರಸ್ತೆ ಕವಲಾಗುತ್ತದೆ: ಒಂದು ತುಮಕೂರಿಗೆ, ಇನ್ನೊಂದು ಕುಣಿಗಲ್, ಹಾಸನದ ಕಡೆಗೆ. ಬೆಳಗಿನ ಕತ್ತಲಲ್ಲಿ ತಪ್ಪದಂತೆ ಸಂಜೆಯೇ ಕೇಳಿಟ್ಟುಕೊಳ್ಳಿ.

ಮರುದಿನ ಎದ್ದಾಗ ಮೀನಖಂಡ ಬಿಗಿದಿರುತ್ತದೆ. ಹತ್ತು ನಿಮಿಷ ನಡೆದ ಮೇಲೆ ಸಡಿಲವಾದರೆ ಹೊರಡಬಹುದು. ಒಂದೇ ಕಡೆ, ಮೂಳೆಯ ಮೇಲೆ ಒತ್ತಿದಾಗ ಚುಚ್ಚುವಂಥ ನೋವು ಉಳಿದರೆ ಆ ದಿನ ನೆಲಮಂಗಲದಲ್ಲೇ ಉಳಿದು ಡಾಕ್ಟರಿಗೆ ತೋರಿಸಿ.