ಮಳೆಗಾಲ ಕಳೆದ ಮೇಲೆ ಸೆಟೆದುಕೊಂಡ ಲೆದರ್ ಸೀಟು

ಮಡಿಕೇರಿಯ ಮಳೆಗೆ ನಮ್ಮ ಹಳೇ ಕಾರಿನ ಲೆದರ್ ಸೀಟಿಗೆ ಬೂಷ್ಟು ಹಿಡಿದಿತ್ತು. ಬಿಸಿಲು ಬಂದದ್ದೇ ತಡ, ಬಾಗಿಲು ತೆರೆದು ನಾಲ್ಕು ದಿನ ಕಾಫಿ ಕಣದಲ್ಲಿ ನಿಲ್ಲಿಸಿದೆ. ಎಡವಿದ್ದು ಅಲ್ಲೇ. ಸೀಟು ಹಪ್ಪಳದಂತೆ ಸೆಟೆದುಕೊಂಡು ಬಿರುಕು ಬಿಟ್ಟಿತು. ಅಮ್ಮ ಕೊಬ್ಬರಿ ಎಣ್ಣೆ ಹಚ್ಚು ಅಂದರು. ಹಚ್ಚಿದೆ. ಅಂಟಂಟಾಗಿ ಧೂಳು ಕೂತಿತು, ಅಷ್ಟೇ.

ಕೊನೆಗೆ ಉಗುರುಬೆಚ್ಚಗಿನ ನೀರಿಗೆ ಚೂರು ಬೇಬಿ ಶಾಂಪೂ ಹಾಕಿ, ಬಟ್ಟೆ ಗಟ್ಟಿಯಾಗಿ ಹಿಂಡಿ ಒರೆಸಿದೆ. ಹೊಲಿಗೆ ಸಂದಿಗೆ ಹಳೇ ಟೂತ್‌ಬ್ರಷ್. ನೆರಳಲ್ಲಿ ಒಣಗಿದ ಮೇಲೆ ಲೆದರ್ ಕಂಡಿಷನರ್ (ಚರ್ಮ ಮೆತ್ತಗಾಗಿಸಲು ಹಚ್ಚುವಂಥದ್ದು) ತೆಳ್ಳಗೆ ತಿಕ್ಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಉಳಿದದ್ದನ್ನು ಒರೆಸಿದೆ. ಒಂದೇ ಸಲ ಜಾಸ್ತಿ ಮೆತ್ತಿದರೆ ಸುಮ್ನೆ ದಂಡ, ಮೇಲೇ ನಿಲ್ಲುತ್ತದೆ. ವಾರಕ್ಕೊಮ್ಮೆಯಂತೆ 3 ಸಲ ಮಾಡಿದ ಮೇಲೆ ಕೂತಾಗ ಕರಕರ ಅನ್ನುವುದು ನಿಂತಿತು. ಬಿರುಕು ಮಾತ್ರ ಹಾಗೇ ಇದೆ. ಅದು ಕಂಡಿಷನರ್‌ಗೆ ಹೋಗುವಂಥದ್ದಲ್ಲ.