ಮಳೆಗಾಲದಲ್ಲಿ ಕರೆಂಟ್ ಹೋದಾಗ ಫ್ರೀಜರ್ ಮಾಲು ಉಳಿಸಿಕೊಳ್ಳುವ ಬಗೆ

ಮೂಡಿಗೆರೆ, ಸಕಲೇಶಪುರ ಕಡೆ ಹೋಂಸ್ಟೇ ಅಡುಗೆಮನೆ ನಡೆಸುವವರಿಗೆ ಜೂನ್ ಎರಡು ಕಡೆಯಿಂದ ಇಕ್ಕಟ್ಟಿನ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಹಾಗಾಗಿ ಅಂಜಲ್, ಬಂಗುಡೆ, ಸೀಗಡಿಯನ್ನು ಮೇ ಕೊನೆಯಲ್ಲೇ ತುಂಬಿಸಿಟ್ಟುಕೊಳ್ಳುತ್ತೇವೆ. ಅಷ್ಟರಲ್ಲಿ ಮಳೆ ಹಿಡಿದು, ಸಿಲ್ವರ್ ಮರದ ಕೊಂಬೆಗಳು ಲೈನಿನ ಮೇಲೆ ಬೀಳುವುದು ಶುರುವಾಗುತ್ತದೆ. ಫ್ರೀಜರ್ ತುಂಬಿರುವಾಗಲೇ ಕರೆಂಟಿಗೆ ಭರವಸೆ ಇರುವುದಿಲ್ಲ.

ತುಂಬಿದ ಫ್ರೀಜರನ್ನು ಮುಚ್ಚಳ ತೆಗೆಯದೆ ಬಿಟ್ಟರೆ ಸುಮಾರು 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದರೆ 24 ಗಂಟೆ. ಮಾಮೂಲಿ ಫ್ರಿಜ್ಜಿಗೆ 4 ಗಂಟೆಯಷ್ಟೇ. ಒಂದೇ ಬಾಗಿಲ ಫ್ರಿಜ್ಜಿನ ಮೇಲಿನ ಪುಟ್ಟ ಐಸ್ ಖಾನೆಯನ್ನಂತೂ ಫ್ರೀಜರ್ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಡಿ. ತಡೆಯುವ ಶಕ್ತಿಯೆಲ್ಲ ಇರುವುದು ಒಳಗಿನ ಹೆಪ್ಪಿನ ತೂಕದಲ್ಲಿ. ಒಂದು ಕಿಲೋ ಐಸ್ ಕರಗಿ ನೀರಾಗಲು ಬೇಕಾದ ಶಾಖದಲ್ಲಿ ಒಂದು ಕಿಲೋ ತಣ್ಣೀರನ್ನು ಸೊನ್ನೆಯಿಂದ 80 ಡಿಗ್ರಿವರೆಗೆ ಕಾಯಿಸಬಹುದು! ಖಾಲಿ ಜಾಗದ ಗಾಳಿಗೆ ಆ ತಾಕತ್ತಿಲ್ಲ. ಅದಕ್ಕೇ ಮಾಲು ಖರ್ಚಾದಂತೆಲ್ಲ ಆ ಜಾಗಕ್ಕೆ ನೀರಿನ ಬಾಟಲಿ ಸೇರಿಸುತ್ತಾ ಹೋಗುತ್ತೇನೆ.

ಸೋಡಾ, ಕೋಲಾ ಬರುವ 2 ಲೀಟರಿನ ದಪ್ಪ ಬಾಟಲಿಗಳು ಇದಕ್ಕೆ ಒಳ್ಳೆಯವು. ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ, ಆದ್ದರಿಂದ ಕತ್ತಿನ ಕೆಳಗೆ ನಾಲ್ಕು ಬೆರಳು ಜಾಗ ಬಿಡಬೇಕು. ಒಂದೇ ದಿನ ಹತ್ತು ಬಾಟಲಿ ತುರುಕಿದರೆ ಅಕ್ಕಪಕ್ಕದ ಮಾಂಸವೇ ಬೆಚ್ಚಗಾಗುತ್ತದೆ. ದಿನಕ್ಕೆ ಮೂರೋ ನಾಲ್ಕೋ ಸಾಕು.

ಇಲ್ಲೊಂದು ಸೂಕ್ಷ್ಮವಿದೆ. ಬರೀ ನೀರಿನ ಐಸ್ ಕರಗುವುದು 0 ಡಿಗ್ರಿಯಲ್ಲಿ. ಮೀನು, ಮಾಂಸ ಅದಕ್ಕೂ ಒಂದೆರಡು ಡಿಗ್ರಿ ಕೆಳಗೇ ಸಡಿಲವಾಗುತ್ತವೆ. ಅಂದರೆ ಐಸ್ ತನ್ನ ಕೆಲಸ ಶುರುಮಾಡುವ ಹೊತ್ತಿಗೆ ಬಂಗುಡೆ ಆಗಲೇ ಮೆತ್ತಗಾಗಿರುತ್ತದೆ. ಕೆಡುವುದಿಲ್ಲ, ಆದರೆ ಹದ ಹೋಗುತ್ತದೆ. ಹಾಗಾಗಿ ಅರ್ಧದಷ್ಟು ಬಾಟಲಿಗಳಿಗೆ ಲೀಟರಿಗೆ 100 ಗ್ರಾಂ ಕಲ್ಲುಪ್ಪು ಕರಗಿಸಿ ಹಾಕುತ್ತೇನೆ. ಈ ನೀರು ಹೆಪ್ಪುಗಟ್ಟಲು ಸೊನ್ನೆಗಿಂತ ಸುಮಾರು 6 ಡಿಗ್ರಿ ಕೆಳಗಿಳಿಯಬೇಕು; ಕರಗುವಾಗಲೂ ಮಾಂಸ ಇನ್ನೂ ಗಟ್ಟಿ ಇರುವಾಗಲೇ ಶಾಖ ಹೀರತೊಡಗುತ್ತದೆ. ಉಪ್ಪಿನ ಬಾಟಲಿಗೆ ಕೆಂಪು ಟೇಪು ಸುತ್ತಿ, ಎಲ್ಲದರ ಮೇಲೆ ಅಡ್ಡಡ್ಡ ಮಲಗಿಸಿಡಿ. ತಂಪು ಗಾಳಿ ಕೆಳಗಿಳಿಯುವುದರಿಂದ ಮೇಲೆ ಮುಚ್ಚಳವಿರುವ ಫ್ರೀಜರಿನಲ್ಲಿ ಮೊದಲು ಬಿಸಿಯಾಗುವುದು ಮೇಲಿನ ಸಾಲು.

ಮಾಲನ್ನು ಅರ್ಧ ಕಿಲೋದ ಚಪ್ಪಟೆ ಪೊಟ್ಟಣ ಮಾಡಿ, ಸಂದಿಲ್ಲದಂತೆ ಒತ್ತಾಗಿ ಜೋಡಿಸಬೇಕು. ಹಸಿ ಕೋಳಿ, ಹಂದಿ ಮಾಂಸ, ಮೀನು ತಳದಲ್ಲಿ, ಟ್ರೇ ಒಳಗೆ. ಕರಗಿದರೂ ಅದರ ನೀರು ಸಂಕ್ರಾಂತಿ ಹೊತ್ತಿನಲ್ಲಿ ಸುಲಿದಿಟ್ಟ ಅವರೆಕಾಳಿಗೆ ಇಳಿಯಬಾರದು. ಮುಚ್ಚಳದ ರಬ್ಬರಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಜಾರಿ ಬಂದರೆ ಆ ಜಾಗದಲ್ಲಿ ತಂಪು ಸೋರುತ್ತಿದೆ ಎಂದರ್ಥ.

ವಯರ್ ಇರುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ಬೇಕೇ ಬೇಕು. ತುದಿಯನ್ನು ಮೇಲಿನ ಸಾಲಿನ ಪೊಟ್ಟಣಗಳ ನಡುವೆ ಸಿಕ್ಕಿಸಿ ಡಬ್ಬಿಯನ್ನು ಹೊರಗೆ ಅಂಟಿಸಿದರೆ ಮುಚ್ಚಳ ತೆಗೆಯದೆ ಡಿಗ್ರಿ ಗೊತ್ತಾಗುತ್ತದೆ. ಕೊಂಡ ತಕ್ಷಣ ಪುಡಿ ಐಸು ತುಂಬಿದ ನೀರಿನಲ್ಲಿ ಅದ್ದಿ, 0 ತೋರಿಸುತ್ತದೆಯೇ ಪರೀಕ್ಷಿಸಿ. ಬೆಂಗಳೂರಿನಲ್ಲಿದ್ದುಕೊಂಡು ತೋಟದ ಮನೆಯಲ್ಲಿ ಫ್ರೀಜರ್ ಇಟ್ಟವರು ಒಂದು ಲೋಟ ಐಸ್ ಮೇಲೆ ನಾಣ್ಯವನ್ನೂ ಇಡಲಿ. ಬಂದು ನೋಡುವಾಗ ನಾಣ್ಯ ಐಸಿನೊಳಗೆ ಹೂತಿದ್ದರೆ, ನಡುವೆ ಕರೆಂಟ್ ಹೋಗಿ ಕರಗಿ, ಮತ್ತೆ ಹೆಪ್ಪುಗಟ್ಟಿದೆ. ತಳ ಸೇರಿದ್ದರೆ ಒಳಗಿರುವುದನ್ನು ನಂಬಬೇಡಿ.

ಕರೆಂಟ್ ಹೋದ ಕೂಡಲೇ ಗೋಡೆಯ ಮೇಲೆ ಹೊತ್ತು ಬರೆದು, ಪ್ಲಗ್ ತೆಗೆಯುತ್ತೇನೆ. ಆಮೇಲೆ ಲೈನ್‌ಮನ್‌ಗೆ ಒಂದು ಫೋನು. ಟಿಸಿ (ಟ್ರಾನ್ಸ್‌ಫಾರ್ಮರ್) ಫ್ಯೂಸ್ ಹೋಗಿದೆಯೋ, ಕಂಬವೇ ಮುರಿದಿದೆಯೋ ತಿಳಿದರೆ ಅರ್ಧ ತೀರ್ಮಾನ ಆದಂತೆ. ಫ್ಯೂಸ್ ಆದರೆ ಸುಮ್ಮನಿರಿ. ಕಂಬ ಎಂದರೆ ದಪ್ಪ ಕಂಬಳಿ ಎರಡು ಮಡಿಕೆ ಹೊದಿಸಿ, ಜನರೇಟರಿಗೆ ಪೆಟ್ರೋಲ್ ತರಿಸಿ. ಮುಚ್ಚಳ ತೆಗೆದು ‘ಹೇಗಿದೆ’ ಎಂದು ನೋಡುವ ಚಟ ಮಾತ್ರ ಯಾರಿಗೂ ಬೇಡ.

ಮನೆಯ ಯುಪಿಎಸ್‌ಗೆ ಫ್ರೀಜರ್ ಕೊಡಬಹುದೇ ಎಂದು ತುಂಬಾ ಜನ ಕೇಳುತ್ತಾರೆ. ಅದು ಕೊಡುವುದು ಚೌಕಾಕಾರದ ಅಲೆಯ ಕರೆಂಟ್ (ಸ್ಕ್ವೇರ್ ವೇವ್) ಆದರೆ ಬೇಡ. ಕಂಪ್ರೆಸರ್ ಮೋಟಾರ್ ಗುಂಯ್‌ಗುಟ್ಟಿ ಕಾಯುತ್ತದೆ. ಲೈನಿನ ಕರೆಂಟಿನಂಥದೇ ಸೈನ್ ವೇವ್ ಇದ್ದರೂ, 150 ವಾಟಿನ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುವುದರಿಂದ ಸಣ್ಣ ಯುಪಿಎಸ್ ಟ್ರಿಪ್ ಆಗುತ್ತದೆ. 12 ವೋಲ್ಟ್, 150 ಆಂಪ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವಾಟ್-ಅವರ್ ಇದ್ದರೂ ಕೈಗೆ ಸಿಗುವುದು ಅದಕ್ಕಿಂತ ಕಡಿಮೆ, ಆಮೇಲೆ ಮನೆಯೂ ಕತ್ತಲೆ. 2 ಕೆವಿಎ ಜನರೇಟರನ್ನು ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಓಡಿಸುವುದು ನನಗೆ ವಾಸಿ ಅನ್ನಿಸಿದೆ. ಎಷ್ಟೇ ಮಳೆ ಇರಲಿ, ಜನರೇಟರನ್ನು ವರಾಂಡಕ್ಕೋ ಒಳಕೊಟ್ಟಿಗೆಗೋ ತರಬೇಡಿ. ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಮನೆಯಿಂದ ದೂರ, ತಗಡಿನ ಮಾಡಿನ ಕೆಳಗೆ, ನಾಲ್ಕೂ ಕಡೆ ಬಯಲಿರಬೇಕು.

ಕೊನೆಗೆ ಮುಚ್ಚಳ ತೆಗೆದಾಗ ಮೂಸಿ ನೋಡಿ ತೀರ್ಮಾನಿಸುವವರೇ ಹೆಚ್ಚು. ಅದು ಸಲ್ಲದು. ಬಂಗುಡೆ, ಬೂತಾಯಿಗಳಲ್ಲಿ ಬೆಚ್ಚಗಾದಾಗ ಹಿಸ್ಟಮಿನ್ ಎಂಬ ವಿಷವಸ್ತು ಕಟ್ಟುತ್ತದೆ; ಮೀನು ನೋಡಲು ಚೆನ್ನಾಗಿಯೇ ಇರಬಹುದು. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪೇರಿ, ತಲೆನೋವು, ಮೈ ತುರಿಕೆ. ಎಷ್ಟು ಕುದಿಸಿದರೂ, ಕಾವಲಿಯಲ್ಲಿ ಹುರಿದರೂ ಅದು ಹೋಗುವುದಿಲ್ಲ. ಮೊದಲೇ ಬೇಯಿಸಿಟ್ಟ ಪಲ್ಯ, ಸಾರುಗಳಲ್ಲಿ ಸ್ಟ್ಯಾಫ್ ಬ್ಯಾಕ್ಟೀರಿಯಾ ಬಿಡುವ ವಿಷವೂ ಹಾಗೆಯೇ.

ನಾನು ನೋಡುವುದು ಎರಡೇ. ಪೊಟ್ಟಣದೊಳಗೆ ಇನ್ನೂ ಐಸಿನ ಹರಳು ಇದೆಯೇ? ಇಲ್ಲದಿದ್ದರೆ, 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದೆಯೇ? ಎರಡರಲ್ಲಿ ಒಂದಕ್ಕೆ ಹೌದು ಎಂದಾದರೆ ಮತ್ತೆ ಹೆಪ್ಪುಗಟ್ಟಿಸಬಹುದು. ಬೇಯಿಸುವುದಾದರೆ ಅಂದೇ ಬೇಯಿಸಿ, ಕೋಳಿಯ ಒಳಗೆ 74 ಡಿಗ್ರಿ ಮುಟ್ಟಲೇಬೇಕು. 4 ಡಿಗ್ರಿ ದಾಟಿ ಎರಡು ಗಂಟೆ ಮೀರಿದ್ದರೆ ಮೀನು, ಮಾಂಸ, ಕೋಳಿ, ಬೇಯಿಸಿಟ್ಟ ಅಡುಗೆ ಎಲ್ಲವೂ ಗುಂಡಿಗೆ. ಕಾಯಿತುರಿಯನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ. ಬಟಾಣಿ, ಅವರೆಕಾಳಿನಂಥ ತರಕಾರಿಗೆ ಆರು ಗಂಟೆವರೆಗೆ ರಿಯಾಯಿತಿ ಉಂಟು. ಬ್ರೆಡ್ಡು, ಬೆಣ್ಣೆಗೆ ತೊಂದರೆಯಿಲ್ಲ. ಕರಗಿದ ಐಸ್‌ಕ್ರೀಮನ್ನು ಮತ್ತೆ ಗಟ್ಟಿ ಮಾಡಿ ಮಕ್ಕಳಿಗೆ ಕೊಡಬೇಡಿ.

ಎಸೆಯಲು ಮನಸ್ಸಾಗದೆ ಸಂಶಯದ ಮಾಂಸವನ್ನು ತೋಟದ ಆಳುಗಳಿಗೆ ಹಂಚುವ ರೂಢಿ ಕೆಲವೆಡೆ ಇದೆ. ನಾವು ತಿನ್ನಲು ಹೆದರುವುದನ್ನು ಅವರ ತಟ್ಟೆಗೆ ಹಾಕುವುದು ಯಾವ ನ್ಯಾಯ? ನಾಯಿಗೂ ಬೇಡ. ಮೊಣಕಾಲುದ್ದದ ಗುಂಡಿ ತೋಡಿ ಹೂತು, ಮೇಲೊಂದು ಕಲ್ಲು ಇಡಿ, ಇಲ್ಲದಿದ್ದರೆ ಕಾಡುಹಂದಿ ಕೆದಕುತ್ತದೆ.

ಕರೆಂಟ್ ಬಂದಾಗ ಮೊದಲು ಕಂಬಳಿ ತೆಗೆಯಿರಿ. ಮೇಲೆ ಮುಚ್ಚಳವಿರುವ ಫ್ರೀಜರುಗಳಲ್ಲಿ ಬಹಳಷ್ಟು ಬಿಸಿಯನ್ನು ಹೊರಮೈಯಿಂದಲೇ ಬಿಡುತ್ತವೆ. ಹೊದಿಸಿದಂತೇ ಓಡಿಸಿದರೆ ಕಂಪ್ರೆಸರ್ ಕಾಯುತ್ತದೆ. ವೋಲ್ಟೇಜ್ 200ರ ಮೇಲೆ ನಿಂತಿದೆಯೇ ನೋಡಿಕೊಂಡು, ಐದು ನಿಮಿಷ ಬಿಟ್ಟು ಪ್ಲಗ್ ಹಾಕಿ. ಸಡಿಲವಾಗಿ ಮತ್ತೆ ಹೆಪ್ಪುಗಟ್ಟಿದ ಪೊಟ್ಟಣಗಳ ಮೇಲೆ ಮಾರ್ಕರಿನಲ್ಲಿ ಅಡ್ಡಗೆರೆ ಎಳೆದು ಮೇಲೆ ಇಡಿ, ಮೊದಲು ಅವೇ ಖರ್ಚಾಗಲಿ. ಅಂಥ ಮೀನು ನೀರು ಬಿಡುವುದರಿಂದ ತವಾ ಫ್ರೈಗೆ ಹೊಂದುವುದಿಲ್ಲ, ಹುಳಿಖಾರದ ಸಾರಾದ ಪುಳಿಮುಂಚಿಗೆ ಹಾಕಿಬಿಡಿ.